ಗೆರೆ ಮುಟ್ಟಿ ಬಂದ ಬೇಸಿಗೆ

ಹೋದ ತಿಂಗಳು ಪರೀಕ್ಷೆಯ ಮೇಲ್ವಿಚಾರಣೆಗೆಂದು ನನ್ನನ್ನು ತಿ. ನರಸೀಪುರಕ್ಕೆ ಹಾಕಿದ್ದರು. ಬೆಳಗಿನ ಪತ್ರಿಕೆ ಮುಗಿದಿತ್ತು, ಮಧ್ಯಾಹ್ನದ್ದು ಶುರುವಾಗಲು ಹೊತ್ತಿತ್ತು. ಕಿಟಕಿಯ ಬಳಿ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಆ ವಾಸನೆ ಬಂತು. ನೀರು ಚಿಮುಕಿಸಿದ ಮಣ್ಣಿನ ಮೇಲೆ ಸುಣ್ಣದ ಪುಡಿ ಬಿದ್ದಾಗ ಏಳುವ ವಾಸನೆ. ಅದು ಬರೀ ಮಣ್ಣಿನದಲ್ಲ, ಬರೀ ಸುಣ್ಣದ್ದೂ ಅಲ್ಲ. ಮೂಗಿನೊಳಗೆ ಮೇಲೆಲ್ಲೋ ಸಣ್ಣಗೆ ಉರಿಯುತ್ತದೆ. ಹೊರಗೆ ಮೈದಾನದಲ್ಲಿ ಯಾರೋ ಹಗ್ಗ ಎಳೆದು ವಾಲಿಬಾಲ್ ಅಂಕಣಕ್ಕೆ ಗೆರೆ ಹಾಕುತ್ತಿದ್ದರು. ನಾನು ಡಬ್ಬಿ ಮುಚ್ಚಿಟ್ಟೆ. ದುಃಖವಾಯಿತು ಎಂದು ಹೇಳಲಾರೆ. ಕೈ ನಿಂತಿತು, ಅಷ್ಟೆ.

ನೆನಪಾದದ್ದು ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆ. ಆಗ ನಾನು ಮೈಸೂರಿನಲ್ಲಿ ಮನಶ್ಶಾಸ್ತ್ರದ ಎಂ.ಎ. ಕೊನೆಯ ವರ್ಷ ಓದುತ್ತಿದ್ದೆ. ಬೆಳಿಗ್ಗೆ ನಂಜನಗೂಡಿನಿಂದ ರೈಲಿನಲ್ಲಿ ಹೋಗುವುದು, ಸಂಜೆ ಮಸಿ ಬಡಿದ ಮುಖ ಹೊತ್ತು ಬರುವುದು. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಹಿಂದಿನ ವರ್ಷವೇ ನನಗೆ ಗಂಡು ಗೊತ್ತಾಗಿತ್ತು: ತಿ. ನರಸೀಪುರದ ಕೆಂಪರಾಜು, ವಾಲಿಬಾಲ್ ಆಟಗಾರ. ಕಾರ್ಖಾನೆಯಲ್ಲಿ ಕೆಲಸ ಮಾಡಿ ಸಂಜೆ ಆಡುವಂಥ ಆಟಗಾರರಲ್ಲ. ಕೊಲ್ಲಿ ದೇಶದ ಒಂದು ಕ್ಲಬ್ಬು ಆಡುವುದಕ್ಕೆಂದೇ ಸಂಬಳ ಕೊಟ್ಟು ಅವರನ್ನು ಇಟ್ಟುಕೊಂಡಿತ್ತು. ನಮ್ಮ ಕಡೆಯವರಿಗೆ ಅಲ್ಲಿನ ಊರೆಲ್ಲ ದುಬೈ. ಅವರಿದ್ದದ್ದು ಬೇರೆಲ್ಲೋ. ಆದರೂ ನರಸೀಪುರದಲ್ಲಿ ಅವರು ದುಬೈ ರಾಜು.

ಸಂಬಂಧ ತಂದವರು ತಗಡೂರಿನ ನಮ್ಮ ಚಿಕ್ಕಪ್ಪ. ಖಾದಿ ಬಿಟ್ಟು ಬೇರೆ ಉಟ್ಟವರಲ್ಲ, ಇರುವೆ ಸಾಲು ಕಂಡರೆ ಸುತ್ತು ಹಾಕಿ ನಡೆಯುವವರು. "ಹುಡ್ಗ ಬಂಗಾರ ಕಣವ್ವ. ಕುಡಿಯಕ್ಕಿಲ್ಲ, ಬೀಡಿ ಸೇದಕ್ಕಿಲ್ಲ. ಚೆಂಡು ಬುಟ್ರೆ ಬ್ಯಾರೆ ಚಟ ಇಲ್ಲ" ಎಂದಿದ್ದರು. ನಾನು ಕೆಂಪರಾಜು ಅವರನ್ನು ಹೆಣ್ಣು ನೋಡಲು ಬಂದಾಗ ಒಮ್ಮೆ, ನಿಶ್ಚಿತಾರ್ಥದ ದಿನ ಒಮ್ಮೆ ನೋಡಿದ್ದೆ. ನಮ್ಮ ಮನೆಯ ಕುರ್ಚಿಯಲ್ಲಿ ಕೂತ ಮೇಲೆ ಅಷ್ಟುದ್ದದ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದರು. "ಓದೋದು ನಿಲ್ಸೋಕೆ ನಿಮಗೆ ಇಷ್ಟ ಇಲ್ವಂತೆ. ನಿಲ್ಸ್‌ಬೇಡಿ" ಎಂಬುದಷ್ಟೇ ಅವರು ನನ್ನೊಡನೆ ಆಡಿದ ಮಾತು. ನನಗೆ ಅದು ಸಾಕಾಗಿತ್ತು. ಅವರ ಸೀಸನ್ ಮುಗಿದ ಮೇಲೆ, ಮಳೆಗಾಲಕ್ಕೆ ಮುಂಚೆ ಮದುವೆ ಎಂದಾಯಿತು.

ಅವರು ಶಿವರಾತ್ರಿಗೇ ಬಂದುಬಿಟ್ಟರು.

ಸುದ್ದಿ ಅವ್ವನಿಗೆ ಬಸ್ ಸ್ಟ್ಯಾಂಡಿನ ಹೂವಿನವಳಿಂದ ಸಿಕ್ಕಿತು. "ಆಟ್ದಲ್ಲಿ ಯಾರ್ಗೋ ಇಕ್ಬುಟ್ನಂತೆ. ಮೂಗು ಒಡ್ದು ರಕ್ತ ಸುರೀತಂತೆ. ಈ ವರ್ಷ ಇನ್ನು ಆಡ್ಬ್ಯಾಡ ನಡಿ ಅಂತ ಕಳ್ಸವ್ರಂತೆ" ಎಂದು ಅವ್ವ ಚೀಲ ಕೆಳಗಿಡುವ ಮೊದಲೇ ಹೇಳಿದಳು. ಅಪ್ಪ ಉತ್ತರಪತ್ರಿಕೆಗಳಿಂದ ತಲೆಯೆತ್ತಿದರು. "ನಡುವೆ ಬಲೆ ಇರೋ ಆಟದಲ್ಲಿ ಎದುರು ಕಡೆಯವನಿಗೆ ಹೊಡೆಯೋದು ಹೇಗೆ?" ಅವರು ಕೇಳಿದ್ದು ಅದೊಂದೇ.

ಅದಕ್ಕೆ ಉತ್ತರ ತಂದವರು ಚಿಕ್ಕಪ್ಪ. ರಾಜು ಬಲೆಯ ಕೆಳಗೆ ಬಗ್ಗಿ, ಆ ಕಡೆ ಹೋಗಿ, ನೆಟ್ಟಗೆ ನಿಂತು ಹೊಡೆದಿದ್ದರು.

ಆ ಬಗ್ಗಿದ್ದು ನನ್ನ ತಲೆಯಲ್ಲಿ ಸಿಕ್ಕಿಕೊಂಡಿತು. ಕೈಗೆ ಸಿಕ್ಕುವಷ್ಟು ದೂರದಲ್ಲಿ ಇದ್ದವನ ಮೇಲೆ ಕೈ ಹೋಯಿತು ಎಂದರೆ ಅದು ಒಂದು. ಅಷ್ಟು ಎತ್ತರದ ಮನುಷ್ಯ ಬಗ್ಗಬೇಕು, ಬಲೆಗೆ ತಾಗದಂತೆ ದಾಟಬೇಕು, ಮತ್ತೆ ಏಳಬೇಕು. ಅಷ್ಟರಲ್ಲಿ ಒಂದು ಉಸಿರು ಆಗುತ್ತದೆ. ಆ ಒಂದು ಉಸಿರಿನಲ್ಲಿ ಅವರು ಏನು ಅಂದುಕೊಂಡಿದ್ದರು? ಸಿಟ್ಟು ಬಗ್ಗಿಯೂ ಹಾಗೇ ಉಳಿಯುತ್ತದೆಯೇ?

"ಬ್ಯಾಡ ಈ ಸಂಬಂಧ. ಇವತ್ತು ಯಾರ್ಗೋ, ನಾಳೀಕ್ ಇವಳ್ಗೆ" ಎಂದಳು ಅವ್ವ.

"ಹೊಡ್ದವ್ನೆ ಅಂದ್ರೆ ಏನೋ ಕಾರ್ಣ ಇರ್ಬೇಕು ಬುಡು ಅತ್ಗೆ" ಎಂದರು ಚಿಕ್ಕಪ್ಪ.

"ಖಾದಿ ಉಟ್ಕೊಂಡು ಇಂಗ್ ಮಾತಾಡ್ತೀಯಲ್ಲಪ್ಪ, ನಾಚ್ಕೆ ಆಗಲ್ವಾ?"

"ಖಾದಿ ನನ್ದು ಅತ್ಗೆ, ಅವುನ್ದಲ್ಲ."

ಅಪ್ಪ ಕೆಂಪು ಪೆನ್ನಿನ ಮುಚ್ಚಳ ಹಾಕಿದರು. "ವನಜಾ ನೋಡಿ ಹೇಳಲಿ. ಬಾಳುವೆ ಮಾಡೋಳು ಅವಳು" ಎಂದರು. ಹೀಗೆ ಆ ವಿಷಯ ನನ್ನ ಮಡಿಲಿಗೆ ಬಂತು. ನಾನು ಏನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ನಾನು ಏನೂ ಹೇಳದಿದ್ದರೆ ಒಪ್ಪಿದ ಹಾಗೆ.

ನನ್ನ ಹಾಗೆಯೇ ಕಾಯುತ್ತಿದ್ದವರು ಇನ್ನೊಬ್ಬರಿದ್ದರು. ಅವರ ಕ್ಲಬ್ಬಿನ ಕೋಚು, ವಯಸ್ಸಾದವರಂತೆ. ಕ್ಲಬ್ಬು ರಾಜುವನ್ನು ಪೂರ್ತಿ ತೆಗೆದುಹಾಕಲು ಹೊರಟಾಗ ಅಡ್ಡ ನಿಂತು ಹೇಳಿದ್ದರಂತೆ: ಊರಿಗೆ ಹೋಗು, ಮಳೆ ಬೀಳುವವರೆಗೂ ನಿನ್ನ ಊರವರ ಜೊತೆ ಆಡು, ನಿನ್ನ ಜನ ಕೆಣಕುವಷ್ಟು ಇಲ್ಲಿ ಯಾರೂ ಕೆಣಕುವುದಿಲ್ಲ, ಆಮೇಲೆ ಫೋನು ಮಾಡುತ್ತೇನೆ, ಸಿಟ್ಟಿನಲ್ಲಿ ಯಾರಿಗಾದರೂ ಹೊಡೆದೆಯಾ ಎಂದು ಕೇಳುತ್ತೇನೆ, ನೀನು ಹೇಳಿದ್ದನ್ನು ನಂಬುತ್ತೇನೆ. ಹಾಗಾಗಿ ಆ ಬೇಸಿಗೆ ಅವರು ತಮ್ಮ ಕೈಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂಬುದರ ಮೇಲೆ ಅವರ ಕೆಲಸವೂ ನಿಂತಿತ್ತು, ನಮ್ಮ ಮದುವೆಯೂ ನಿಂತಿತ್ತು.

ಭಾನುವಾರಗಳಂದು ಚಿಕ್ಕಪ್ಪ ನನ್ನನ್ನು ನರಸೀಪುರಕ್ಕೆ ಕರೆದುಕೊಂಡು ಹೋಗತೊಡಗಿದರು. ನೆಪಕ್ಕೆ ಅವರ ಹೆಗಲ ಚೀಲದಲ್ಲಿ ಯಾರಿಗೋ ಕೊಡಬೇಕಾದ ನೂಲಿನ ಲಡಿಗಳು. ಶಾಲೆಯ ಮೈದಾನದ ಬೇವಿನ ಮರದಡಿ ಕಲ್ಲುಬೆಂಚು. ನಾನು ಒಂದು ತುದಿಯಲ್ಲಿ, ಚಿಕ್ಕಪ್ಪ ಇನ್ನೊಂದು ತುದಿಯಲ್ಲಿ. ಬಿಸಿಲು ಇಳಿಯುವ ಹೊತ್ತಿಗೆ ನದಿಯ ಕಡೆಯಿಂದ ಗಾಳಿ ಬರುತ್ತಿತ್ತು. ಬಂದ ಕೂಡಲೇ ಚಿಕ್ಕಪ್ಪನಿಗೆ ತೂಕಡಿಕೆ.

ಮೊದಲ ಭಾನುವಾರ ನಾನು ಗಮನಿಸಿದ್ದು ಒಂದು ಅಭ್ಯಾಸ. ಆಟದ ನಡುವೆ ಒಮ್ಮೊಮ್ಮೆ ರಾಜು ಬಲೆಯ ಹತ್ತಿರದಿಂದ ತಿರುಗಿ, ತಮ್ಮ ಅಂಕಣದ ಹಿಂದಿನ ಗೆರೆಯವರೆಗೂ ನಡೆದು, ಬಗ್ಗಿ ಗೆರೆಯ ಸುಣ್ಣ ಮುಟ್ಟಿ, ಕೈಯನ್ನು ತೊಡೆಗೆ ಒರೆಸಿಕೊಂಡು ವಾಪಸು ಬರುತ್ತಿದ್ದರು. ಯಾವುದೋ ಶಾಸ್ತ್ರ ಇರಬೇಕು ಎಂದುಕೊಂಡೆ. ಆಟ ಮುಗಿಸಿ ಬೆಂಚಿನ ಬಳಿ ಬಂದಾಗ, ನನ್ನಿಂದ ಮಾತು ಹೊರಡುವುದಿಲ್ಲವೆಂದು ಗೊತ್ತಾಗಿ ಅವರೇ ಹೇಳಿದರು.

"ಕೋಚ್ ಹೇಳ್ಕೊಟ್ಟಿದ್ದು ಕಣ್ರೀ. ಸಿಟ್ಟು ಬಂದ್ರೆ ಬಲೇಗೆ ಬೆನ್ನು ಹಾಕು, ಹಿಂದಿನ ಗೆರೆ ಮುಟ್ಟಿ ಬಾ ಅಂತ. ಮುಟ್ಟಿ ಬರೋಷ್ಟ್ರಲ್ಲಿ ಸ್ವಲ್ಪ ಇಳಿಯುತ್ತೆ."

ನಾನು ಅವರ ಚಡ್ಡಿಯ ಕಡೆ ನೋಡಿದೆ. ಬಲತೊಡೆಯ ಮೇಲೆಲ್ಲ ಬಿಳಿ. ನಗುನಗುತ್ತಲೇ ಆಡಿದಂತೆ ನನಗೆ ಕಂಡಿದ್ದ ಆಟ. ಎದುರಿನವರು ಏನು ಅಂದರೂ ಅವರ ಮುಖ ಬದಲಾಗಿರಲಿಲ್ಲ. ಹಾಗಾದರೆ ಅಷ್ಟು ಬಿಳಿ ಎಲ್ಲಿಂದ ಬಂತು? ಅಷ್ಟು ಸಲ ಸಿಟ್ಟು ಬಂದು ಅಷ್ಟು ಸಲವೂ ಇಳಿಸಿಕೊಂಡ ಮನುಷ್ಯನನ್ನು ನಂಬಬೇಕೋ, ಅಷ್ಟು ಸಲ ಸಿಟ್ಟು ಬರುವ ಮನುಷ್ಯನಿಗೆ ಹೆದರಬೇಕೋ? ಆಮೇಲಿನ ಭಾನುವಾರಗಳಲ್ಲೆಲ್ಲ ನಾನು ಚೆಂಡು ನೋಡಲಿಲ್ಲ. ಆ ತೊಡೆಯ ಬಿಳಿ ನೋಡುತ್ತಿದ್ದೆ. ಕೆಲವು ದಿನ ಕಡಿಮೆ, ಕೆಲವು ದಿನ ಹೆಚ್ಚು. ಕಡಿಮೆ ಇದ್ದ ದಿನ ಸಿಟ್ಟು ಬರಲಿಲ್ಲವೋ, ಗೆರೆ ಮುಟ್ಟಲು ಮರೆತರೋ, ಅದೂ ತಿಳಿಯುತ್ತಿರಲಿಲ್ಲ.

ಇನ್ನೊಂದು ಭಾನುವಾರ ಧೈರ್ಯ ಮಾಡಿ ಕೇಳಿದೆ. "ಅವನು ನಿಮಗೆ ಏನು ಅಂದಿದ್ದ?"

ಯಾರು ಎಂದು ಅವರು ಕೇಳಲಿಲ್ಲ. "ಏನೂ ಕೆಟ್ಟದ್ದು ಅನ್ನಲಿಲ್ಲ. ನಾನು ನೆಟ್ ಮುಟ್ಟಿದೆ ಅಂತ ಅವರದ್ದು, ಮುಟ್ಟಿಲ್ಲ ಅಂತ ನಂದು. ಅವನು ನನ್ನ ಮುಖದ ಮುಂದೆ ಬೆರಳು ಆಡಿಸ್ಕೊಂಡು ಲಾ, ಲಾ ಅಂದ. ಅವರ ಭಾಷೇಲಿ ಲಾ ಅಂದ್ರೆ ಇಲ್ಲ ಅಂತ."

"ನಿಮಗೆ ಗೊತ್ತಿರಲಿಲ್ವೆ?"

"ಗೊತ್ತಿತ್ತು. ಹೋದ ಮೊದಲನೇ ವಾರದಿಂದ ಕೇಳ್ತಿದೀನಿ. ತರಕಾರಿ ಅಂಗಡೀಲೂ ಲಾ, ಬಸ್ಸಲ್ಲೂ ಲಾ. ಆವತ್ತು ಮಾತ್ರ ನಮ್ಮೂರಿನ ಲಾ ಆಗಿ ಕಿವಿಗೆ ಬಿತ್ತು."

ನಮ್ಮ ಕಡೆಯ ಲಾ ಏನೆಂದು ಬೇರೆ ಊರಿನವರಿಗೆ ಹೇಳಬೇಕಾಗಬಹುದು. ಗಂಡಸರು ಗಂಡಸರನ್ನು ಕರೆಯುವುದು ಅದರಲ್ಲೇ. ಗೆಳೆಯ ಅಂದರೆ ಸಲಿಗೆ. ಜಮೀನಿನವನು ಆಳಿಗೆ ಅಂದರೆ, ನೀನು ಅಲ್ಲೇ ನಿಲ್ಲು ಎಂದು ಅರ್ಥ. ಪದ ಒಂದೇ, ದನಿಯೂ ಹೆಚ್ಚುಕಡಿಮೆ ಒಂದೇ.

ಅವರ ಉತ್ತರ ನನಗೆ ಮೊದಲು ಹಿಡಿಸಿತು, ಅರ್ಥವಾಯಿತು ಅನ್ನಿಸಿತು. ಬಸ್ಸು ಹತ್ತುವಷ್ಟರಲ್ಲಿ ಆ ಅರ್ಥ ಕೈಬಿಟ್ಟಿತು. ಏಕೆಂದರೆ ಆ ಮೈದಾನದ ತುಂಬ ಲಾ. "ಎತ್ಲಾ ರಾಜು!" "ಬುಡ್ಲಾ, ಔಟು!" "ಏನ್ಲಾ ದುಬೈ, ಅಲ್ಲಿ ಒಂಟೆ ಮ್ಯಾಲ್ ಕುಂತ್ಕಂಡ್ ಆಡ್ತಿದ್ದಾ?" ಅದಕ್ಕೆ ಅವರೂ ಹಲ್ಲು ಬಿಟ್ಟು, "ನಿಮ್ಮಪ್ಪನ್ನ ಕೇಳ್ಲಾ, ಒಂಟೆ ಹಗ್ಗ ಇಡ್ಕಂಡಿದ್ದೋನು ಅವ್ನೇ" ಅನ್ನುತ್ತಿದ್ದರು. ಹೀಗೆ ಊರವರ ಬಾಯಿಂದ ಸಾವಿರ ಸಲ ಬಿದ್ದರೂ ತಾಗದ ಮಾತು, ಇಲ್ಲ ಎಂದಷ್ಟೇ ಅರ್ಥವಿದ್ದ ಕಡೆ ಏಕೆ ತಾಗಿತು?

ನಾನು ಓದುತ್ತಿದ್ದ ಪುಸ್ತಕಗಳಲ್ಲಿ ಆಕ್ರಮಣಶೀಲತೆ ಎಂಬುದಕ್ಕೆ ಒಂದು ಪೂರ್ತಿ ಅಧ್ಯಾಯವಿತ್ತು. ಮುಂದಿನ ತಿಂಗಳ ಪರೀಕ್ಷೆಯಲ್ಲಿ ಅದರ ಮೇಲೆಯೇ ಒಂದು ಪ್ರಶ್ನೆಯೂ ಬಂತು. ಕಾರಣಗಳನ್ನು ಬರೆದೆ, ಬಗೆಗಳನ್ನು ಬರೆದೆ, ಇಲಿಗಳ ಮೇಲಿನ ಪ್ರಯೋಗ ಬರೆದೆ. ಆ ಪತ್ರಿಕೆಯಲ್ಲಿ ನನಗೆ ಒಳ್ಳೆಯ ಅಂಕ ಬಂತು.

ರಾಜು ಅವರನ್ನೇ ಕೇಳಿದೆ. ಕೇಳಬೇಕಾದ್ದನ್ನು ಮನಸ್ಸಿನಲ್ಲಿ ಎರಡು ಸಲ ಸರಿಮಾಡಿಕೊಂಡು ಕೇಳಿದೆ: ಇಲ್ಲಿ ಎಲ್ಲರೂ ನಿಮಗೆ ಲಾ ಅನ್ನುತ್ತಾರೆ, ನೀವು ನಗುತ್ತೀರಿ, ಅಲ್ಲಿ ಏಕೆ ನಗಲಾಗಲಿಲ್ಲ?

ಅವರು ಚೆಂಡನ್ನು ಮಂಡಿಯ ಮೇಲೆ ಉರುಳಿಸಿದರು. "ಇಲ್ಲಿ ಅವರು ಅಂದ್ರೆ ನಾನೂ ಅಂತೀನಿ. ಅಲ್ಲಿಗೆ ಸರಿಹೋಗುತ್ತೆ. ಅಲ್ಲಿ ತಿರುಗಿ ಅನ್ನೋಕೆ ನನ್ನ ಹತ್ರ ಮಾತಿಲ್ಲ ಕಣ್ರೀ. ಅವರ ಭಾಷೆ ಅಂಗಡಿಗೆ ಆಗೋಷ್ಟು ಬರುತ್ತೆ, ಜಗಳಕ್ಕೆ ಆಗೋಷ್ಟು ಬರಲ್ಲ. ಇಂಗ್ಲಿಷೂ ಅಷ್ಟೇ. ಬಾಯಿ ತೆಗೆದೆ, ಏನೂ ಬರಲಿಲ್ಲ. ಆಮೇಲೆ ನೋಡಿದ್ರೆ ಬಲೆ ಆ ಕಡೆ ಇದ್ದೆ."

ಹೆಂಡತಿಯಾಗಿ ಹೋದರೆ ಆ ದೇಶದಲ್ಲಿ ಅವರು ಕನ್ನಡ ಆಡಬಹುದಾದವಳು ನಾನೊಬ್ಬಳೇ. ಇದು ನನಗೆ ಆ ಕ್ಷಣ ಸಮಾಧಾನದ ಹಾಗೆ ತೋರಿತು. ನನ್ನ ಜೊತೆ ಅವರಿಗೆ ಮಾತಿರುತ್ತದೆ. ಆಮೇಲೆ ನನ್ನ ಸ್ವಭಾವ ನೆನಪಾಯಿತು. ನಾನು ಜಗಳಕ್ಕೆ ಉತ್ತರ ಕೊಡುವವಳಲ್ಲ. ಯಾರಾದರೂ ಗದರಿದರೆ ಪುಸ್ತಕ ತೆಗೆದುಕೊಂಡು ಹಿತ್ತಲಿಗೆ ಹೋಗುತ್ತೇನೆ. "ಇವಳ ಕೂಡೆ ಜಗ್ಳ ಆಡೋದೂ ಒಂದೇ, ಗ್ವಾಡೆ ಕೂಡೆ ಆಡೋದೂ ಒಂದೇ. ನಂಗೇ ಎಲ್ಡು ಬಿಗ್ಯೋಣ ಅನ್ಸ್‌ತದೆ" ಎಂದು ಅವ್ವ ಹೇಳಿದ್ದುಂಟು. ಎದುರಿನವರಿಂದ ಮಾತು ಬಾರದಿದ್ದಾಗಲೂ ಮನುಷ್ಯ ಬಾಯಿ ತೆಗೆದು ಏನೂ ಸಿಗದೆ ನಿಲ್ಲಬಹುದಲ್ಲವೇ? ಇಷ್ಟರಲ್ಲಿ ನಾನು ಅಳೆಯುತ್ತಿದ್ದದ್ದು ಅವರನ್ನೋ ನನ್ನನ್ನೋ ಎಂಬುದೂ ಗೋಜಲಾಯಿತು.

ಬೇಸಿಗೆ ಏರಿತು. ಕಪಿಲೆಯಲ್ಲಿ ಬಂಡೆಗಳು ಮೇಲೆದ್ದವು. ನಂಜನಗೂಡಿನ ಮೈದಾನದಲ್ಲಿ ಸುತ್ತಿನ ಊರುಗಳ ಪಂದ್ಯಗಳು ನಡೆದವು. ಒಂದು ಸಂಜೆ ನಮ್ಮೂರಿಗೂ ನರಸೀಪುರಕ್ಕೂ. ಅಪ್ಪ ಮೇಷ್ಟರಾದ್ದರಿಂದ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಪಕ್ಕದಲ್ಲಿ ನಾನು. ದುಬೈ ರಾಜುವಿಗೆ ಗೊತ್ತಾದ ಹುಡುಗಿ ಇವಳೇ ಎಂದು ಊರಿಗೆಲ್ಲ ತಿಳಿದಿತ್ತು.

ನಮ್ಮ ಊರಿನ ತಂಡದಲ್ಲಿ ಬಲೆಯ ಹತ್ತಿರ ಆಡುತ್ತಿದ್ದವನು ನಮ್ಮ ಬೀದಿಯ ನಂಜುಂಡ. ಚಿಕ್ಕಂದಿನಿಂದ ನೋಡಿದವನು. ಬಾಯಿ ಜೋರು, ಮನಸ್ಸಿನಲ್ಲಿ ಏನೂ ಇಲ್ಲ. ಶುರುವಿನಿಂದಲೂ ರಾಜುವನ್ನು ಕಿಚಾಯಿಸುತ್ತಿದ್ದ. ರಾಜು ಗೆರೆ ಮುಟ್ಟುವುದು, ಬರುವುದು. ಕೊನೆಯ ಸೆಟ್ಟು ಬಿಗಿಯಾಗಿ ನಡೆಯುತ್ತಿತ್ತು. ನಂಜುಂಡ ಬಲೆಗೆ ಮುಖ ತಾಗುವಷ್ಟು ಹತ್ತಿರ ಬಂದು, ಎಲ್ಲರಿಗೂ ಕೇಳುವಂತೆ ಅಂದ.

"ಏನ್ಲಾ ದುಬೈ, ಮದ್ವೆ ಆದ್‌ಮ್ಯಾಲೆ ಎಂಡ್ರುಗೂ ಇಂಗೇ ಸ್ಮ್ಯಾಷಾ?"

ಜನ ಹೋ ಎಂದು ನಕ್ಕರು. ಕೆಲವರು ತಿರುಗಿ ನನ್ನನ್ನು ನೋಡಿದರು. ನಾನು ತಿಂಗಳುಗಟ್ಟಲೆ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಪ್ರಶ್ನೆ ಅದು. ಅದನ್ನು ಅವನು ಬೀದಿಯಲ್ಲಿ ಎತ್ತಿ ಒಗೆದಿದ್ದ. ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದರು.

ರಾಜು ಬಲೆಗೆ ಬೆನ್ನು ಹಾಕಿದರು. ಹಿಂದಿನ ಗೆರೆಗೆ ಹೋದರು, ಮುಟ್ಟಿದರು, ತೊಡೆಗೆ ಒರೆಸಿದರು, ಬಂದರು. ಸರ್ವೀಸ್ ಆಯಿತು. ಚೆಂಡು ಎರಡು ಸಲ ಆಚೆ ಈಚೆ ಹೋಗಿ, ಅವರ ಕಡೆಯವನು ಹೊಡೆತಕ್ಕೆಂದು ಚೆಂಡನ್ನು ಬಲೆಯ ಪಕ್ಕ ಎತ್ತರಕ್ಕೆತ್ತಿ ಒಳ್ಳೆಯ ಬೂಸ್ಟ್ ಕೊಟ್ಟ. ರಾಜು ಎಗರಿದರು. ಹೊಡೆತದ ಸದ್ದು ಕೇಳಿತು, ಕಣ್ಣಿಗೆ ಚೆಂಡು ಕಾಣಿಸಲಿಲ್ಲ. ನಂಜುಂಡ ಮುಖ ಮುಚ್ಚಿಕೊಂಡು ಮಂಡಿಯೂರಿದ್ದ. ಬೆರಳ ಸಂದಿಯಿಂದ ರಕ್ತ. ರೆಫರಿ ಸೀಟಿ ಊದಿ ನರಸೀಪುರದ ಕಡೆ ಕೈ ಮಾಡಿದ. ಪಾಯಿಂಟ್.

"ಚೆಂಡು ಬಲೆಯ ಮೇಲಿಂದಲೇ ಹೋಯಿತು" ಎಂದರು ಅಪ್ಪ, ಯಾರಿಗೂ ಅಲ್ಲದ ಹಾಗೆ.

ಆಟ ಮುಗಿದ ಮೇಲೆ ನಂಜುಂಡ ಮೂಗಿಗೆ ಹತ್ತಿ ತುರುಕಿಕೊಂಡು ಬಂದು ರಾಜುವಿನ ಹೆಗಲಿಗೆ ಕೈ ಹಾಕಿದ. "ಏನ್ಲಾ ನಿನ್ ಏಟು! ತಲೆ ಗಿರ್ ಅಂತದೆ. ದುಬೈಲಿ ಇದ್ನೇ ಕಲ್ಸುದ್ರಾ?" ಇಬ್ಬರೂ ಒಟ್ಟಿಗೆ ಸೋಡಾ ಕುಡಿದರು. ಏಟು ತಿಂದವನಿಗೇ ಸಿಟ್ಟಿರಲಿಲ್ಲ. ಹಾಗಿದ್ದರೆ ನಾನೇಕೆ ಇನ್ನೂ ಆ ರಕ್ತ ನೋಡುತ್ತಿದ್ದೆ?

ಆಮೇಲೆ ರಾಜು ಅಪ್ಪನನ್ನು ಮಾತಾಡಿಸಲು ಬಂದರು. ಅಪ್ಪ ಎದ್ದು ಪಕ್ಕಕ್ಕೆ ಹೋದರು. ಬೇಕೆಂದೇ ಹೋದರು ಎಂದು ಕಾಣುತ್ತದೆ. ನಾನು ಕೇಳಿದೆ: "ಬೇಕಂತಲೇ ಹೊಡೆದಿರಾ?"

"ಗೊತ್ತಿಲ್ಲ ಕಣ್ರೀ." ಮುಖದ ಬೆವರು ಒರೆಸಿಕೊಂಡರು, ಹಣೆಯ ಮೇಲೆ ಸುಣ್ಣ ಹತ್ತಿತು. "ಬೂಸ್ಟ್ ಚೆನ್ನಾಗಿ ಬಂತು. ಎಡಗಡೆ ಖಾಲಿ ಇತ್ತು. ಅಲ್ಲಿ ಹೊಡೀಬೋದಿತ್ತು. ಹೊಡೀಲಿಲ್ಲ."

ಮೇ ಕೊನೆಯಲ್ಲಿ ಕೋಚು ಫೋನು ಮಾಡುವ ದಿನ ಬಂತು. ನರಸೀಪುರದಲ್ಲಿ ಅವರಿಗೆ ಹತ್ತಿರದ ಫೋನು ಎಂದರೆ ರೈಸ್ ಮಿಲ್ಲಿನದು. ಅವರ ತಂದೆ ಮಾದಯ್ಯನವರು ಜೀವಮಾನವೆಲ್ಲ ಮೂಟೆ ಹೊತ್ತದ್ದು ಆ ಮಿಲ್ಲಿನಲ್ಲೇ. ಮಗ ಎಷ್ಟು ಹೇಳಿದರೂ ಬಿಟ್ಟಿರಲಿಲ್ಲ. ಚಿಕ್ಕಪ್ಪ, ನಾನು, ರಾಜು ಮಿಲ್ಲಿನ ಆಫೀಸಿನಲ್ಲಿ ಕಾದು ಕೂತೆವು. ಹೊರಗೆ ಯಂತ್ರದ ಸದ್ದು, ಒಳಗೆ ಎಲ್ಲದರ ಮೇಲೂ ತೌಡಿನ ಧೂಳು. ಮಿಲ್ಲಿನ ಸಾವ್ಕಾರ್ರು ಮಾದಯ್ಯನವರಿಗಿಂತ ಎಷ್ಟೋ ಚಿಕ್ಕವರು, ನಗುಮುಖದವರು.

"ಬನ್ನಿ ರಾಜು, ಕೂತ್ಕಳಿ. ನಮ್ಮೂರಿನ್ ಎಸ್ರು ಫಾರಿನ್ನಿಗ್ ಒಯ್ದೋರು ನೀವು" ಎಂದು ಕುರ್ಚಿ ಎಳೆದು ಕೊಟ್ಟರು. ಬಾಗಿಲ ಕಡೆ ತಿರುಗಿ ಅದೇ ನಗುಮುಖದಲ್ಲಿ ಕೂಗಿದರು: "ಲೇ ಮಾದ, ಒಂದ್ ಚೊಂಬು ನೀರ್ ತತ್ತಾರ್ಲಾ! ನಿನ್ ಸೊಸೆ ಬಂದವ್ಳೆ."

"ನಾನ್ ತತ್ತೀನಿ" ಎಂದು ರಾಜು ಎದ್ದರು.

"ಕೂತ್ಕಳಪ್ಪ, ಫೋನ್ ಬತ್ತದೆ" ಎಂದರು ಮಾದಯ್ಯನವರು. ಹೆಗಲ ಮೇಲಿನ ಗೋಣಿ ತೆಗೆದಿಟ್ಟು ನೀರಿಗೆ ಹೋದರು.

ರಾಜು ಕೂತರು. ಆಮೇಲೆ ಕೂತಲ್ಲಿಂದಲೇ ಬಗ್ಗಿ ಬೆರಳುಗಳನ್ನು ನೆಲಕ್ಕೆ ತಾಗಿಸಿದರು. ಸಿಮೆಂಟಿನ ನೆಲ, ಅಲ್ಲಿ ಯಾವ ಗೆರೆಯೂ ಇರಲಿಲ್ಲ. ತೌಡು ಹತ್ತಿದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಏನ್ ಬಿತ್ತು ರಾಜು?" ಎಂದರು ಸಾವ್ಕಾರ್ರು.

"ಏನಿಲ್ಲ ಸಾ."

ಆ ಲಾ ಎಲ್ಲಿಂದ ಹೊರಟು ಎಲ್ಲಿಗೆ ಹೋಗಿ ಬಿದ್ದಿತ್ತೆಂದು ನನಗೆ ಅಲ್ಲಿ ಕಂಡಿತು. ಅದು ಕಂಡದ್ದರಿಂದ ನನ್ನ ತೀರ್ಮಾನ ಸುಲಭವಾಗಬೇಕಿತ್ತು. ಆಗಲಿಲ್ಲ. ಕಾರಣ ಗೊತ್ತಾದರೆ ಏಟು ಕಡಿಮೆ ನೋಯುತ್ತದೆಯೇ? ಮೂಗು ಒಡೆದುಕೊಂಡ ಆ ದೂರದೇಶದವನಿಗೆ ಮಾದಯ್ಯ ಯಾರು, ಸಾವ್ಕಾರ್ರು ಯಾರು?

ಫೋನು ಬಂತು. ರಾಜು ಹರಕು ಇಂಗ್ಲಿಷಿನಲ್ಲಿ ಜೋರಾಗಿ ಮಾತಾಡಿದರು, ಬೇಗ ಮುಗಿಯಿತು. ಇಟ್ಟ ಮೇಲೆ ಚಿಕ್ಕಪ್ಪನಿಗೆ ಹೇಳಿದರು. "ಸಿಟ್ಟಲ್ಲಿ ಯಾರಿಗಾದ್ರೂ ಹೊಡೆದೆಯಾ ಅಂದ್ರು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಒಬ್ಬನ ಮೂಗು ಒಡೀತು ಅಂದೆ. ಕೈಯಲ್ಲೋ ಚೆಂಡಲ್ಲೋ ಅಂದ್ರು. ಚೆಂಡಲ್ಲಿ ಅಂದೆ. ಬಲೆ ಮೇಲಿಂದ್ಲೋ ಕೆಳಗಿಂದ್ಲೋ ಅಂದ್ರು. ಮೇಲಿಂದ ಅಂದೆ. ಪಾಯಿಂಟ್ ಬಂತಾ ಅಂದ್ರು. ಬಂತು ಅಂದೆ. ಹಾಗಾದ್ರೆ ಹೊರಟು ಬಾ ಅಂದ್ರು."

ಚಿಕ್ಕಪ್ಪ ಎದ್ದು ಅವರ ಬೆನ್ನು ತಟ್ಟಿದರು. ಸಾವ್ಕಾರ್ರು ಸಕ್ಕರೆ ತರಿಸಿದರು.

ಕೋಚಿನ ಲೆಕ್ಕ ಸರಿಯಾಗಿತ್ತು. ಸಿಟ್ಟು ಇರಲಿ, ಬಲೆಯ ಮೇಲಿಂದ ಬರಲಿ, ಚೆಂಡಿನಲ್ಲಿ ಬರಲಿ. ಅಷ್ಟು ಹಿಡಿತ ಅವರ ಕೆಲಸಕ್ಕೆ ಸಾಕು. ನನ್ನ ಲೆಕ್ಕದಲ್ಲಿ ಬಲೆ ಇರಲಿಲ್ಲ. ಮಿಲ್ಲಿನಿಂದ ಬಸ್ ಸ್ಟ್ಯಾಂಡಿಗೆ ಬರುವಾಗ ಚಿಕ್ಕಪ್ಪನೂ ಮಾದಯ್ಯನವರೂ ಮುಂದೆ ಹೋಗುತ್ತಿದ್ದರು. ಮದುವೆಯ ದಿನದ ಮಾತು ನಡೆಯುತ್ತಿತ್ತೆಂದು ಕೈ ಆಡಿಸುವುದರಲ್ಲೇ ತಿಳಿಯುತ್ತಿತ್ತು. ನಾನು ಕೇಳಿಯೇಬಿಟ್ಟೆ.

"ನನಗೆ ಯಾವತ್ತಾದರೂ ಹೊಡೀತೀರಾ?"

ಅವರು ನಿಂತರು. ಭತ್ತದ ಗಾಡಿಯೊಂದು ನಮ್ಮನ್ನು ದಾಟಿ ಹೋಯಿತು. "ಇಲ್ಲ ಅನ್ಬೇಕು ಅಂತ ಗೊತ್ತು" ಎಂದರು. "ಆ ಮ್ಯಾಚಿನ ದಿನ ಬೆಳಿಗ್ಗೆ, ಇವತ್ತು ಯಾರಿಗಾದ್ರೂ ಹೊಡೀತೀಯಾ ಅಂತ ಕೇಳಿದ್ರೂ ಇಲ್ಲ ಅಂತಿದ್ದೆ. ಅದೇ ‘ಇಲ್ಲ’ವನ್ನ ನಿಮಗೆ ಹೆಂಗೆ ಕೊಡ್ಲಿ?"

ನಾನು ಇನ್ನೂ ಕಾದೆ. ಅವರು ಮತ್ತೆ ನಡೆಯತೊಡಗಿದರು. ನಾನೂ ನಡೆದೆ.

ಬಸ್ಸಿನಲ್ಲಿ ಚಿಕ್ಕಪ್ಪನಿಗೆ ಹೇಳಿದೆ: "ಬೇಡ ಚಿಕ್ಕಪ್ಪ."

"ಏನ್ ಬ್ಯಾಡ ಮಗ?"

"ಮದುವೆ."

"ಫೋನಲ್ಲಿ ಎಲ್ಲಾ ಸರ್‌ಹೋಯ್ತಲ್ಲವ್ವಾ!" ಎಂದರು. ಅವರ ತೊಡೆಯ ಮೇಲೆ ನೂಲಿನ ಲಡಿಗಳಿದ್ದ ಚೀಲ. ಆ ಭಾನುವಾರವೂ ಕೊಡುವುದು ಮರೆತಿದ್ದರು.

ಮನೆಯಲ್ಲಿ ಎಲ್ಲ ತಲೆಕೆಳಗಾಯಿತು. ಮೊದಲ ದಿನದಿಂದ ಬೇಡ ಅನ್ನುತ್ತಿದ್ದ ಅವ್ವ ಈಗ ಅಳತೊಡಗಿದಳು. "ಅಷ್ಟ್ ಒಳ್ಳೇ ಹುಡ್ಗ. ಅವತ್ತು ಆ ನಂಜುಂಡ ಅಷ್ಟ್ ಅಂದ್ರೂ ತಡ್ಕೊಂಡ. ಇವಳ್ಗೆ ಇನ್ನ್ಯಾರು ಬೇಕಂತೆ?" ಅಪ್ಪ ಕೇಳಿದರು: "ಕಾರಣ ಏನು ವನಜಾ?"

"ಉತ್ತರ ಬಂದಿದೆ ಅಪ್ಪ. ಹೇಗೆ ಬಂತು ಅಂತ ಬರೆದು ತೋರಿಸೋಕೆ ಆಗ್ತಿಲ್ಲ."

ಹಂತಗಳನ್ನು ಬರೆಯದ ಲೆಕ್ಕಕ್ಕೆ ಅವರು ಯಾರಿಗೂ ಅಂಕ ಕೊಟ್ಟವರಲ್ಲ. ಆವತ್ತು ಮಾತ್ರ "ಸರಿ" ಎಂದರು.

ಮುಂಗಾರು ಹಿಡಿದ ವಾರ ರಾಜು ನಮ್ಮ ಮನೆಗೆ ಬಂದರು. ಮೈಸೂರಿಗೆ ಹೋಗಿ ಅಲ್ಲಿಂದ ಬೊಂಬಾಯಿ, ಆಮೇಲೆ ವಿಮಾನ. ಅವ್ವ ಬಿಕ್ಕುತ್ತಲೇ ಬಡಿಸಿದಳು. ಅವರು ಕೇಳಿ ಕೇಳಿ ಸಾರು ಹಾಕಿಸಿಕೊಂಡು ಉಂಡರು. ಅವ್ವನ ಸಮಾಧಾನಕ್ಕೆ ಉಂಡರೋ, ನಿಜವಾಗಿ ಹಸಿದಿದ್ದರೋ. ನಾನು ಉಂಗುರವನ್ನು ಕಾಗದದಲ್ಲಿ ಸುತ್ತಿ ಕೊಟ್ಟೆ. ಜಗುಲಿಯ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಚಪ್ಪಲಿ ಮೆಟ್ಟುತ್ತಾ ಅವರು ಕೇಳಿದರು.

"ಆವತ್ತು ನಾನು ಇಲ್ಲ ಅಂದಿದ್ರೆ?"

"ಒಪ್ಪಿರುತ್ತಿದ್ದೆ."

ಅವರು ನನ್ನನ್ನು ನೋಡಿದರು. ಆಮೇಲೆ ಬೀದಿಯವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕರು. "ಅಯ್ಯೋ, ಎಂಥಾ ಚಾನ್ಸ್ ಬಿಟ್ಬುಟ್ಟೆ!" ಎಂದು ಕೊಡೆ ಬಿಚ್ಚಿಕೊಂಡು ಹೋದರು. ಆ ನಗುವಿನಲ್ಲಿ ಸಿಟ್ಟಿತ್ತೋ ಎಂದು ನಾನು ಎಷ್ಟೋ ದಿನ ಹುಡುಕಿದ್ದೇನೆ. ನಾನು ಬೇಡವೆಂದದ್ದು ಹೊಡೆದವರನ್ನೋ, ಸುಳ್ಳು ಹೇಳಲು ಒಪ್ಪದವರನ್ನೋ, ಅದನ್ನೂ ಹುಡುಕಿದ್ದೇನೆ.

ಅವರು ಆಮೇಲೂ ಅಲ್ಲಿ ಆಡಿದರು. ಮತ್ತೆ ದೂರು ಬಂದದ್ದನ್ನು ನಾನು ಕೇಳಿಲ್ಲ. ಎರಡು ವರ್ಷ ಕಳೆದು ಅವರಿಗೆ ಮದುವೆಯಾಯಿತು. ಅವರ ಹೆಂಡತಿಯನ್ನು ನಾನು ಒಮ್ಮೆ ನೋಡಿದೆ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಮಾದಯ್ಯನವರು ಅವಳನ್ನು ನಂಜನಗೂಡಿನ ಬಸ್ಸಿಗೆ ಹತ್ತಿಸಿ, "ಉಸಾರು ಕಣವ್ವ, ರಾಜು ಫೋನ್ ಮಾಡುದ್ರೆ ಯೋಳ್ತೀನಿ" ಎಂದು ಕಿಟಕಿಯಿಂದ ಹಣ್ಣಿನ ಪೊಟ್ಟಣ ಕೊಟ್ಟು ಹೋದರು. ನನ್ನನ್ನು ಅವರು ಗಮನಿಸಲಿಲ್ಲ. ಅದೇ ಬಸ್ಸಿನಲ್ಲಿ ನಾನು ಕಂಬಿ ಹಿಡಿದು ನಿಂತಿದ್ದೆ. ನನಗಿಂತ ಚಿಕ್ಕವಳು, ದುಂಡು ಮುಖ. ನೋಡಬಾರದಷ್ಟು ಹೊತ್ತು ಆ ಮುಖ ನೋಡಿದೆ. ಕೆನ್ನೆ, ಹಣೆ, ಕಣ್ಣಿನ ಕೆಳಗೆ, ಕೈ ಎತ್ತಿ ಕೂದಲು ಸರಿಮಾಡಿಕೊಂಡಾಗ ಮಣಿಕಟ್ಟು. ಏನೂ ಇರಲಿಲ್ಲ. ಏನೂ ಇಲ್ಲದ್ದರಿಂದ ನನಗೆ ನೆಮ್ಮದಿಯಾಯಿತೇ, ಅದೂ ಹೇಳಲಾರೆ.

ಅವಳು ತಲೆಯೆತ್ತಿ ನೋಡಿದಳು. "ಯಾಕಕ್ಕ, ಅಂಗ್ ನೋಡ್ತಿದ್ದೀರಿ?"

"ಏನಿಲ್ಲ. ಎಲ್ಲೋ ನೋಡಿದ ಹಾಗಿತ್ತು."

"ನಿಂತೇ ಇದ್ದೀರಲ್ಲ, ಬನ್ನಿ, ಜಾಗ ಅದೆ" ಎಂದು ಅವಳು ಕಿಟಕಿಯ ಕಡೆ ಸರಿದಳು. ನಾನು ಕೂತೆ. ಪೊಟ್ಟಣ ಬಿಚ್ಚಿ ನನ್ನ ಮುಂದೆ ಹಿಡಿದಳು, ಒಂದು ಸೀಬೆಹಣ್ಣು ತೆಗೆದುಕೊಂಡೆ. ನಂಜನಗೂಡು ಬರುವವರೆಗೂ ಅವಳು ಮಾತಾಡುತ್ತಲೇ ಇದ್ದಳು.